ಸಹಾಯ ಬೇಕು: ಮನೆ ಹಾಸನ, ಆಫೀಸು ಬೆಂಗಳೂರು, ಮಗಳನ್ನ ಏನು ಮಾಡ್ಲಿ?

ಎಲ್ಲರಿಗೂ ನಮಸ್ಕಾರ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪು, ಎರಡು ಜೊತೆ ಬಟ್ಟೆ ಹಿಡ್ಕೊಂಡು ಹಾಸನಕ್ಕೆ ಬಂದವಳು ನಾನು. ಹದಿನೈದು ದಿನ ಅಂದ್ಕೊಂಡಿದ್ದು ವರ್ಷಗಳೇ ಆಯ್ತು. ಮಗಳು ಇಲ್ಲೇ ಶಾಲೆಗೆ ಸೇರಿದಳು, ಈಗ ಒಂದನೇ ಕ್ಲಾಸು.

ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕಂತೆ. ಮ್ಯಾನೇಜರ್ ಹತ್ರ ಎರಡು ಸಲ ಕೇಳ್ಕೊಂಡೆ, ಆಗಲ್ಲ ಅಂದ್ರು. ರೈಲಲ್ಲಿ ದಿನಾ ಓಡಾಡಿ ನೋಡಿದೆ. ಒಂದು ಕಡೆಗೇ 180 ಕಿ.ಮೀ., ಯಶವಂತಪುರದಲ್ಲಿ ಇಳಿದ ಮೇಲೆ ಆಫೀಸಿಗೆ ಇನ್ನೂ ಒಂದೂವರೆ ಗಂಟೆ. ಮೈ ತಡೀಲಿಲ್ಲ. ಈಗ ಪಿಜಿಯಲ್ಲಿ ಎರಡು ರಾತ್ರಿ ಉಳೀತೀನಿ. ಹೊರಡೋ ಹಿಂದಿನ ದಿನ ಮಗಳು ನನ್ನ ಬ್ಯಾಗಿಂದ ಚಾರ್ಜರ್ ತೆಗೆದು ದಿಂಬಿನ ಕೆಳಗೆ ಬಚ್ಚಿಡ್ತಾಳೆ. ಅದಿಲ್ದಿದ್ರೆ ಅಮ್ಮ ಹೋಗಲ್ಲ ಅಂತ. ಕರುಳು ಚುರ್ ಅನ್ನುತ್ತೆ.

ಎಲ್ಲರೂ ಹೋಗೋಣ ಅಂದ್ರೆ ಮಾವನಿಗೆ ಪಾರ್ಶ್ವವಾಯು, ಯಜಮಾನರ ಅಂಗಡಿ ಇಲ್ಲಿದೆ. ಮಗಳೊಬ್ಬಳನ್ನೇ ಕರ್ಕೊಂಡು ಹೋದ್ರೆ ಶಾಲೆ ಬಿಟ್ಟ ಮೇಲೆ ನೋಡ್ಕೊಳ್ಳೋರು ಯಾರು? ಇಲ್ಲೇ ನನಗೆ ದಾರಿ ಕಾಣ್ತಿಲ್ಲ. ಟಿಸಿ ತಗೊಳ್ಳೋದಾದ್ರೆ ಈ ತಿಂಗಳೇ ಹೇಳ್ಬೇಕು.

ಹೀಗೆ ಓಡಾಡ್ತಿರೋ ಅಮ್ಮಂದಿರು ದಯವಿಟ್ಟು ಹೇಳಿ: ಮಕ್ಕಳನ್ನ ಊರಲ್ಲೇ ಬಿಟ್ಟಿದ್ರೆ, ಅವರು ಹೊಂದ್ಕೊಳ್ಳೋಕೆ ಎಷ್ಟು ದಿನ ಆಯ್ತು? ಕರ್ಕೊಂಡು ಹೋಗಿದ್ರೆ, ಸಂಜೆ ನಾಲ್ಕರಿಂದ ಏಳರವರೆಗೆ ಯಾರ ಹತ್ರ ಬಿಡ್ತೀರಿ?