‘ಎಲಿಮೆಂಟಲ್ ಐರನ್’: ಧಾತು, ಅಸಲು, ನಿವ್ವಳ, ಯಾವುದು ಸರಿ?

ಆತ್ಮೀಯರೇ,

ಸೇಡಂ, ಚಿತ್ತಾಪುರ ಕಡೆಯ ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಓದಿ ಹೇಳಲೆಂದು ಕಬ್ಬಿಣದ ಗುಳಿಗೆಗಳ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಮಾತ್ರೆ’ ಬಿಟ್ಟು ‘ಗುಳಿಗೆ’ ಎಂದೇ ಬರೆದಿದ್ದೇನೆ. ಕಲಬುರಗಿಯಲ್ಲಿ ಅದಕ್ಕೆ ಚರ್ಚೆ ಬೇಕಿಲ್ಲ. ‘ರಕ್ತಹೀನತೆ’ಯ ಪಕ್ಕದಲ್ಲಿ ‘ಮೈಯಲ್ಲಿ ರಕ್ತ ಕಡಿಮೆ ಇರುವುದು’ ಎಂದು ಸೇರಿಸಿದ್ದೇನೆ. ಬರವಣಿಗೆ ನಿಂತಿರುವುದು ಗುಳಿಗೆಯ ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ‘ಎಲಿಮೆಂಟಲ್ ಐರನ್’ ಎಂಬಲ್ಲಿ. ಅದಕ್ಕೆ ಹಳ್ಳಿಯವರಿಗೆ ತಿಳಿಯುವ ಕನ್ನಡ ಪದ ಬೇಕು.

ಅದನ್ನು ಕೈಬಿಡುವಂತಿಲ್ಲ. ಗುಳಿಗೆಯಲ್ಲಿರುವುದು ಕಬ್ಬಿಣದ ಯಾವುದಾದರೊಂದು ಸಂಯುಕ್ತ: ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಗ್ಲುಕೋನೇಟ್. ಸಂಯುಕ್ತದ ತೂಕ ಬೇರೆ, ಅದರೊಳಗಿನ ಕಬ್ಬಿಣದ ತೂಕ ಬೇರೆ. ಈ ಎರಡನೆಯದೇ ‘ಎಲಿಮೆಂಟಲ್ ಐರನ್’. 200 ಮಿ.ಗ್ರಾಂ. ಒಣ ಫೆರಸ್ ಸಲ್ಫೇಟಿನಲ್ಲಿ ಸುಮಾರು 65 ಮಿ.ಗ್ರಾಂ. ಕಬ್ಬಿಣವಿದ್ದರೆ, 300 ಮಿ.ಗ್ರಾಂ. ಗ್ಲುಕೋನೇಟಿನಲ್ಲಿ ಇರುವುದು ಸುಮಾರು 35 ಮಾತ್ರ. ದೊಡ್ಡ ಅಂಕಿಯನ್ನು ನಂಬಿ ಕೊಂಡವಳಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ತಂದುಕೊಡುವ ಕೆಂಪು ಗುಳಿಗೆಯಲ್ಲಿ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಜೊತೆ 60 ಮಿ.ಗ್ರಾಂ. ಎಂದು ಹೇಳುವುದು ಕಬ್ಬಿಣದ ಲೆಕ್ಕವನ್ನೇ, ಸಂಯುಕ್ತದ್ದಲ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕಾದ ಔಷಧವಿದು. ಅಷ್ಟು ದಿನ ನುಂಗುವವಳಿಗೆ ತಾನು ನುಂಗುತ್ತಿರುವುದು ಎಷ್ಟು ಎಂದು ತಿಳಿಯುವ ಹಕ್ಕಿದೆ.

‘ಧಾತುರೂಪದ ಕಬ್ಬಿಣ’ ಎಂದರೆ ಶಾಸ್ತ್ರಕ್ಕೆ ಸರಿ; ರಸಾಯನಶಾಸ್ತ್ರದಲ್ಲಿ ಧಾತು ಎಂದರೆ ಮೂಲವಸ್ತು, ಅಂದರೆ ‘ಎಲಿಮೆಂಟ್’. ಆದರೆ ಆಯುರ್ವೇದದ ಸಪ್ತಧಾತುಗಳಲ್ಲಿ ರಕ್ತವೇ ಒಂದು ಧಾತು; ವ್ಯಾಕರಣದಲ್ಲಿ ಅದು ಕ್ರಿಯಾಪದದ ಮೂಲ. ಬೀದರಿನ ಕಡೆ ಮರಾಠಿ, ಹಿಂದಿ ಬಲ್ಲವರಿಗೆ ಧಾತು ಎಂದರೆ ನಾವು ಲೋಹ ಎನ್ನುವ ವಸ್ತು. ಆ ‘ಲೋಹ’ವನ್ನೇ ಬಳಸೋಣವೆಂದರೆ, ಮರಾಠಿಯಲ್ಲಿ ಅದು ಕಬ್ಬಿಣವೇ. ನಮ್ಮಲ್ಲೂ ‘ಲೋಹಭಸ್ಮ’ ಎಂಬಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ಗಡಿಯ ಊರಿನಲ್ಲಿ ಈ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಔಷಧದ ಕಾಗದದಲ್ಲಿ ಅಂಥ ಗೊಂದಲ ಬೇಡ.

‘ಕಬ್ಬಿಣಾಂಶ’ ಚಾಲ್ತಿಯಲ್ಲಿದೆ, ನಿಜ. ನುಗ್ಗೆಸೊಪ್ಪಿನಲ್ಲಿರುವುದೂ ಕಬ್ಬಿಣಾಂಶ, ಗುಳಿಗೆಯೂ ‘ಕಬ್ಬಿಣಾಂಶದ ಮಾತ್ರೆ’. ಎಲ್ಲದಕ್ಕೂ ಸಲ್ಲುವ ಪದ ಈ ಸೂಕ್ಷ್ಮ ವ್ಯತ್ಯಾಸವನ್ನು ಹೇಳಲಾರದು. ‘ದಕ್ಕುವ ಕಬ್ಬಿಣ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಕಿವಿಗೆ ಇಂಪು, ಅರ್ಥಕ್ಕೆ ಅಪಾಯ. ಗುಳಿಗೆಯಲ್ಲಿರುವ 60 ಮಿ.ಗ್ರಾಂ. ಪೂರ್ತಿ ಮೈಗೆ ದಕ್ಕುವುದೇ ಇಲ್ಲ. ರಕ್ತಕ್ಕೆ ಸೇರುವುದು ಅದರಲ್ಲೊಂದು ಸಣ್ಣ ಪಾಲು. ಗುಳಿಗೆಯ ಜೊತೆಗೆ ಚಹಾ, ಹಾಲು ಅಥವಾ ಕ್ಯಾಲ್ಸಿಯಂ ಗುಳಿಗೆ ಸೇರಿದರೆ ಆ ಪಾಲೂ ತಗ್ಗುತ್ತದೆ, ನಿಂಬೆರಸವಿದ್ದರೆ ಹೆಚ್ಚುತ್ತದೆ.

‘ಅಸಲು ಕಬ್ಬಿಣ’ ನನಗೆ ಬಹಳ ಹಿಡಿಸಿತ್ತು. ಅಸಲು, ಬಡ್ಡಿ ಎಂದರೆ ಸ್ವಸಹಾಯ ಸಂಘದ ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅಸಲಿಯ ಬೆನ್ನಿಗೇ ನಕಲಿ ನೆನಪಾಗುತ್ತದೆ, ಮಿಕ್ಕದ್ದೆಲ್ಲ ಖೋಟಾ ಎಂಬ ಶಂಕೆ ಹುಟ್ಟುತ್ತದೆ. ಸರ್ಕಾರಿ ಗುಳಿಗೆಯ ಮೇಲೆ ಮೊದಲೇ ಅನುಮಾನವಿರುವ ಮನೆಗಳಿವೆ.

ಉಳಿದದ್ದು ‘ನಿವ್ವಳ ಕಬ್ಬಿಣ’. ತೊಗರಿ ಮಾರುವಾಗ ಚೀಲದ ತೂಕ ಕಳೆದು ನಿವ್ವಳ ನೋಡುವಂತೆಯೇ ಇಲ್ಲಿನ ಲೆಕ್ಕವೂ. “ಗುಳಿಗೆಯ ಮೇಲೆ ದೊಡ್ಡ ಅಂಕಿ ಇದ್ದರೂ ನಿವ್ವಳ ಕಬ್ಬಿಣ ಎಷ್ಟಿದೆ ಎಂದು ಕೇಳಿ ಪಡೆಯಿರಿ” ಎಂದು ಬರೆದುಕೊಂಡಿದ್ದೇನೆ. ಇಂಥ ಪ್ರಯೋಗವನ್ನು ಔಷಧದ ವಿಷಯದಲ್ಲಿ ಎಲ್ಲಾದರೂ ನೋಡಿದ್ದೀರಾ? ಲವಣ, ಸಂಯುಕ್ತ ಎಂಬ ಪದಗಳನ್ನೇ ತರದೆ ಇದನ್ನು ಹೇಳುವ ಬೇರೆ ದಾರಿಯಿದ್ದರೆ ಅದನ್ನೂ ತಿಳಿಸಿ. ‘ಲವಣ’ ಕೇಳಿದರೆ ಬಿ.ಪಿ. ಇರುವವರು ಉಪ್ಪೆಂದೇ ತಿಳಿಯುತ್ತಾರೆ.

ಜೊತೆಗೆ ಇನ್ನೊಂದು. ಈ ಗುಳಿಗೆ ನುಂಗಿದರೆ ಮಲ ಕಪ್ಪಾಗುವುದು ಸಹಜ. ಅದನ್ನು ಕಂಡು ಹೆದರಿ ಗುಳಿಗೆ ಬಿಡುವವರಿದ್ದಾರೆ. ‘ಮಲ’ ಎಂದರೆ ಪುಸ್ತಕದ ಮಾತಾಗುತ್ತದೆ, ಆದ್ದರಿಂದ ‘ಸಂಡಾಸು ಕಪ್ಪಾಗುತ್ತದೆ, ಗುಳಿಗೆ ಬಿಡಬೇಡಿ’ ಎಂದು ಬರೆದಿದ್ದೇನೆ. ಔರಾದ್, ಭಾಲ್ಕಿ, ಸುರಪುರದ ಕಡೆಯವರು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಅವರು ಎಲ್ಲರ ಮುಂದೆ ಸಂಕೋಚವಿಲ್ಲದೆ ಆಡುವ ಪದ ಯಾವುದೆಂದು ತಿಳಿಸಿದರೆ ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.