ಬರಿಗಾಲಲ್ಲಿ ನೀರಿಗಿಳಿದ ಗಾಲ್ಫ್ ಹುಡುಗಿಯ ಕಥೆ ಗೊತ್ತಿರುವವರು ಹೇಳಿ

ಪೀಣ್ಯದವನು:
ನಾನು ಒಂದು ಕೊರಿಯನ್ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಕೊರಿಯನ್ ಮ್ಯಾನೇಜರ್ ಮೇಜಿನ ಗಾಜಿನ ಕೆಳಗೆ ಪೇಪರಿನಿಂದ ಕತ್ತರಿಸಿದ ಒಂದು ಹಳೇ ಫೋಟೋ ಇದೆ. ಒಬ್ಬ ಹುಡುಗಿ ಶೂ ಬಿಚ್ಚಿ, ನೀರಲ್ಲಿ ನಿಂತು ಗಾಲ್ಫ್ ಹೊಡೆಯುತ್ತಿದ್ದಾಳೆ. ಯಾರು ಸಾರ್ ಅಂದೆ. "ಪಾಕ್ ಸೆ ರಿ, 1998, ಐಎಂಎಫ್ ಟೈಮ್" ಅಂದು ಸುಮ್ಮನಾದರು. ಕಣ್ಣು ಒದ್ದೆಯಾದಂತಿತ್ತು, ಮುಂದೆ ಕೇಳಲಿಲ್ಲ.

ಚೆಂಡು ನೀರಿನ ಹತ್ತಿರ ಹೋದರೆ ಇನ್ನೊಂದು ಚೆಂಡು ತಗೊಂಡು ಆಡಬಹುದಲ್ವಾ? ಅಲ್ಲಿ ಇಳಿಯೋ ಕರ್ಮ ಏನಿತ್ತು? ನಾನು ಕಬಡ್ಡಿ ಪಾರ್ಟಿ, ಗಾಲ್ಫಿನ ಗಂಧ ಗಾಳಿ ಗೊತ್ತಿಲ್ಲ.

ಹಳೇ ಕ್ಯಾಡಿ:
ಪೀಣ್ಯದವರೇ, ಬೆಂಗಳೂರಲ್ಲಿ 11 ವರ್ಷ ಕ್ಯಾಡಿ ಕೆಲಸ, ಅಂದರೆ ಗಾಲ್ಫ್ ಆಡುವವರ ಬ್ಯಾಗ್ ಹೊರುವ ಕೆಲಸ ಮಾಡಿದವನು ನಾನು. ಆ ಶಾಟ್ ಮೊಬೈಲಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅದು ಅಮೆರಿಕದ ವಿಸ್ಕಾನ್ಸಿನ್, ಬ್ಲ್ಯಾಕ್‌ವುಲ್ಫ್ ರನ್ ಕೋರ್ಸ್. ಯುಎಸ್ ವಿಮೆನ್ಸ್ ಓಪನ್. ಸೆ ರಿಗೆ ಆಗ 20 ವರ್ಷ. ಎಲ್‌ಪಿಜಿಎ ಟೂರಿಗೆ, ಅಂದರೆ ಹೆಂಗಸರ ವೃತ್ತಿಪರ ಗಾಲ್ಫ್ ಸರಣಿಗೆ ಬಂದ ಮೊದಲನೇ ವರ್ಷ. ಮೇ ತಿಂಗಳಲ್ಲಿ ಎಲ್‌ಪಿಜಿಎ ಚಾಂಪಿಯನ್‌ಶಿಪ್ ಗೆದ್ದಿದ್ದಳು. ಟೂರಿನಲ್ಲಿ ಅವಳ ಮೊದಲ ಗೆಲುವೇ ಒಂದು ಮೇಜರ್, ಅಂದರೆ ಅತಿ ದೊಡ್ಡ ಟೂರ್ನಿಗಳಲ್ಲೊಂದು! ಜುಲೈಯಲ್ಲಿ ಇದು. ನಾಲ್ಕು ದಿನ, 72 ಹೋಲ್ (ಚೆಂಡು ಹಾಕಬೇಕಾದ ಗುಂಡಿ) ಆದ ಮೇಲೆ ಜೆನ್ನಿ ಚುವಾಸಿರಿಪಾರ್ನ್ ಜೊತೆ ಸಮ. ಅವಳಿಗೂ 20, ಇನ್ನೂ ಕಾಲೇಜು ಹುಡುಗಿ, ಅಮೆಚೂರ್, ಅಂದರೆ ದುಡ್ಡಿಗೆ ಆಡುವವಳಲ್ಲ. ಅಣ್ಣನೋ ತಮ್ಮನೋ ಒಬ್ಬ ಅವಳ ಬ್ಯಾಗ್ ಹೊತ್ತಿದ್ದ. ಸೋಮವಾರ ಮತ್ತೆ 18 ಹೋಲ್ ಪ್ಲೇಆಫ್. ಅದರ ಕೊನೇ ಹೋಲಿಗೆ ಬಂದಾಗಲೂ ಇಬ್ಬರೂ ಸಮ.

ಅಲ್ಲಿ ಸೆ ರಿ ಟೀ ಶಾಟ್ (ಹೋಲಿನ ಮೊದಲ ಹೊಡೆತ) ಎಡಕ್ಕೆ ತಿರುಗಿ ಕೆರೆ ದಂಡೆಗೆ ಹೋಯಿತು. ಗಮನಿಸಿ, ಚೆಂಡು ನೀರಲ್ಲಿಲ್ಲ. ದಂಡೆಯ ಇಳಿಜಾರಲ್ಲಿ, ಹುಲ್ಲಿಗೆ ಸಿಕ್ಕಿಕೊಂಡಿತ್ತು. ಅದನ್ನು ಹೊಡೆಯಬೇಕಾದರೆ ಕಾಲು ಮಾತ್ರ ನೀರಲ್ಲೇ ಇರಬೇಕು. ಕೂತು ಶೂ ಬಿಚ್ಚಿದಳು, ಸಾಕ್ಸ್ ಬಿಚ್ಚಿದಳು. ಮೊಣಕಾಲಿಂದ ಕೆಳಗೆ ಬಿಸಿಲಿಗೆ ಕಂದಿದ ಕಾಲು. ಸಾಕ್ಸ್ ಗೆರೆಯಿಂದ ಕೆಳಗೆ ಪಾದ ಮಾತ್ರ ಹಾಲಿನ ಹಾಗೆ ಬಿಳಿ. ಫೋಟೋದಲ್ಲಿ ನೀವೂ ನೋಡಿರಬೇಕು. ಎಷ್ಟು ದಿನ ಬಿಸಿಲಲ್ಲಿ ಶೂ ಹಾಕಿ ಆಡಿದ್ದಳು ಅಂತ ಆ ಗೆರೆಯೇ ಹೇಳುತ್ತದೆ.

ಆಮೇಲೆ ವೆಡ್ಜಿನಲ್ಲಿ (ಚೆಂಡನ್ನು ಮೇಲಕ್ಕೆತ್ತುವ ಕ್ಲಬ್) ಚೆಂಡನ್ನು ಹುಲ್ಲಿಂದ ಎಬ್ಬಿಸಿ ಆಚೆ ಹಾಕಿದಳು. ಅಷ್ಟೇ. ನೇರ ಗ್ರೀನಿಗೆ, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿಗೆ ಹೊಡೆದಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಹೋಲಲ್ಲಿ ಅವಳಿಗೆ ಬಂದಿದ್ದು ಬೋಗಿ.

ಪೀಣ್ಯದವನು:
ಬೋಗಿ ಅಂದ್ರೆ ಒಂದು ಹೊಡೆತ ಜಾಸ್ತಿ ಅಲ್ವಾ? ದಂಡ ಕಟ್ಟಿದರೂ ಒಂದೇ ಹೊಡೆತ ತಾನೆ? ಇಳಿದು ಏನು ಲಾಭವಾಯಿತು?

ಹಳೇ ಕ್ಯಾಡಿ:
ಸರಿಯಾದ ಪ್ರಶ್ನೆ. ಗಾಲ್ಫ್ ಆಡುವವರೇ ಇದನ್ನು ಕೇಳುವುದಿಲ್ಲ. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ದಂಡ ಕಟ್ಟಿದರೆ ರೂಲ್ಸ್ ಹೇಳಿದ ಕಡೆಯೇ ಚೆಂಡು ಬೀಳಿಸಬೇಕು, ಅಲ್ಲಿಂದ ಗ್ರೀನ್ ಕಾಣುತ್ತದೋ ಇಲ್ಲವೋ. ಇಳಿದು ಹೊಡೆದರೆ ಮುಂದಿನ ಶಾಟಿಗೆ ಅನುಕೂಲವಾಗುವ ಕಡೆ ಹಾಕಬಹುದು. ತಪ್ಪಿದರೋ, ಚೆಂಡು ಕೆರೆಗೆ, ಆಟ ಮುಗೀತು.

ನಾನು ಹುಡುಗನಿದ್ದಾಗ ಕೆರೆಗಿಳಿದು ಕಾಲಲ್ಲಿ ತಡಕಿ ಚೆಂಡು ಹುಡುಕುತ್ತಿದ್ದೆ. ಕೆಸರಲ್ಲಿ ಹಿಮ್ಮಡಿ ನಿಲ್ಲುವುದೇ ಇಲ್ಲ, ಜಾರುತ್ತಲೇ ಇರುತ್ತದೆ. ಅಂಥ ಕಡೆ ನಿಂತು ಪೂರ್ತಿ ಬೀಸಬೇಕು. ಆಗಿನ ರೂಲ್ಸಲ್ಲಿ ಹೊಡೆಯುವ ಮುಂಚೆ ಕ್ಲಬ್ಬನ್ನು ನೀರಿಗಾಗಲಿ ನೆಲಕ್ಕಾಗಲಿ ತಾಗಿಸುವ ಹಾಗೂ ಇರಲಿಲ್ಲ. 2019ರಲ್ಲಿ ಅದನ್ನು ಸಡಿಲ ಮಾಡಿದರು.

ಜೆನ್ನಿಗೆ ಅಲ್ಲೇ ಗೆಲ್ಲುವ ಅವಕಾಶ ಇತ್ತು. ಪಾರ್ ಪಟ್, ಅಂದರೆ ನಿಗದಿತ ಹೊಡೆತದಲ್ಲೇ ಹೋಲ್ ಮುಗಿಸುವ ಮೆಲ್ಲನೆ ಹೊಡೆತ, ತಪ್ಪಿತು. ಆ 18 ಹೋಲಿಗೆ ಇಬ್ಬರದೂ 73 ಹೊಡೆತ. ಮತ್ತೆ ಎರಡು ಹೋಲ್ ಆಡಿದರು, ಕೊನೆಗೆ ಸೆ ರಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಪಟ್ ಹಾಕಿ ಗೆದ್ದಳು. ಒಟ್ಟು 92 ಹೋಲ್! ಜೆನ್ನಿ ಮುಂದೆ ಗಾಲ್ಫ್ ಬಿಟ್ಟು ನರ್ಸ್ ಆದಳು. ಅವಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದೊಂದು ಬೇಜಾರು.

ಮಲ್ಲೇಶ್ವರದವಳು:
ಕ್ಯಾಡಿ ಅಣ್ಣ, ಚೆನ್ನಾಗಿ ಹೇಳಿದಿರಿ. ಐಎಂಎಫ್ ವಿಷಯ ನಾನು ಸೇರಿಸುತ್ತೇನೆ. 1997ರ ಕೊನೆಗೆ ಕೊರಿಯಾ ಹತ್ತಿರ ಡಾಲರ್ ಖಾಲಿಯಾಗಿ ಐಎಂಎಫ್ ಸಾಲ ತಗೊಂಡರು. ಕಂಪನಿಗಳು ಮುಚ್ಚಿದವು, ಎಷ್ಟೋ ಜನರ ಕೆಲಸ ಹೋಯಿತು. ಸಾಲ ತೀರಿಸಲು ಜನ ಮನೆಯ ಉಂಗುರ, ಸರ ಎಲ್ಲ ತಂದು ಕೊಟ್ಟರು. ಆ ವರ್ಷವೇ ಈ ಹುಡುಗಿ ಗೆದ್ದಿದ್ದು.

ಟೀವಿಯಲ್ಲಿ ಇದನ್ನು ನೋಡಿಯೇ ಪಾರ್ಕ್ ಇನ್‌ಬೀ ಗಾಲ್ಫ್ ಶುರು ಮಾಡಿದ್ದು, ಹತ್ತು ತುಂಬಲು ಕೆಲವೇ ದಿನ ಇತ್ತು. 2008ರಲ್ಲಿ ಅದೇ ಯುಎಸ್ ವಿಮೆನ್ಸ್ ಓಪನ್ ಗೆದ್ದಳು, 19ನೇ ವಯಸ್ಸಿಗೆ. ಇನ್ನೊಬ್ಬ ಕೊರಿಯನ್ ಹುಡುಗಿ ಚೋಯ್ ನಾ ಯೊನ್ ಅಂತೂ 2012ರಲ್ಲಿ ಅದೇ ಬ್ಲ್ಯಾಕ್‌ವುಲ್ಫ್ ರನ್‌ನಲ್ಲೇ ಗೆದ್ದಳು. ನಮ್ಮಲ್ಲಿ ಗಾಲ್ಫ್ ಆಡುವ ಅದಿತಿ ಅಶೋಕ್ ಯಾವಾಗ ಒಂದು ಮೇಜರ್ ತರ್ತಾಳೋ?

ಹಳೇ ಕ್ಯಾಡಿ:
ಸೆ ರಿ ಮೊದಲ ಮೇಜರ್ ಗೆದ್ದಾಗ ನಮ್ಮ ಅದಿತಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಟೋಕಿಯೊ ಒಲಿಂಪಿಕ್ಸಲ್ಲಿ ಅವರಮ್ಮನೇ ಬ್ಯಾಗ್ ಹೊತ್ತರು. ಒಂದೇ ಹೊಡೆತಕ್ಕೆ ಕಂಚು ಹೋಯಿತು. ಆವತ್ತು ಬೆಳಗ್ಗೆ ಎದ್ದು ನೋಡಿದವರಿಗೆ ಗಾಲ್ಫ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೇಜರ್ ಬರಲಿ, ನಾನು ಹೋಳಿಗೆ ಹಂಚುತ್ತೇನೆ.

ಪೀಣ್ಯದವನು:
ಇವತ್ತು ಊಟದ ಹೊತ್ತಲ್ಲಿ ಮ್ಯಾನೇಜರ್‌ಗೆ "ಸಾರ್, ಅದು ಬೋಗಿ ಅಲ್ವಾ" ಅಂದೆ. ಗಾಬರಿಯಾಗಿ ನೋಡಿದರು. ಆಮೇಲೆ ಗೇಟ್ ಪಾಸ್ ಹಿಂಭಾಗದಲ್ಲಿ ಕೆರೆ ಬರೆದು, ದಂಡೆಯ ಮೇಲೆ ಚೆಂಡಿಗೆ ಒಂದು ಚುಕ್ಕಿ ಇಟ್ಟರು. ಆಗ ಅವರಿಗೆ 22 ಅಂತೆ. ಅಪ್ಪನ ಕೆಲಸ ಹೋಗಿ ಐದು ತಿಂಗಳಾಗಿತ್ತಂತೆ. ಅಲ್ಲಿ ಹಗಲು ಅಂದರೆ ಇವರಿಗೆ ರಾತ್ರಿ, ಇಬ್ಬರೂ ನಿದ್ದೆಗೆಟ್ಟು ನೋಡಿದರಂತೆ. ಅಪ್ಪನಿಗೂ ಗಾಲ್ಫ್ ಗೊತ್ತಿರಲಿಲ್ಲ. ಅವಳು ಶೂ ಬಿಚ್ಚುವಾಗ, "ಇನ್ನೊಂದು ಚೆಂಡು ತಗೊಂಡರೆ ಆಗಲ್ವಾ?" ಅಂತ ಇವರನ್ನು ಕೇಳಿದ್ದರಂತೆ.