ಅಪ್‌ಡೇಟ್: ಕೊಲೆಗಾರನ ಹೆಸರು ಮೊದಲೇ ಹೇಳಿಬಿಡುವ ನಮ್ಮ ಮಾವ

ಪತ್ತೇದಾರಿ ಧಾರಾವಾಹಿ ಹಾಕಿದರೆ ಸಾಕು, ಮಾವ ಅರ್ಧದಲ್ಲೇ "ಇವನೇ ಕೊಂದಿದ್ದು" ಎಂದು ಹೇಳಿಬಿಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ ಅಲ್ವಾ? ನೀವು 'ಕೊಲಂಬೊ' ಅನ್ನೋ ಹಳೇ ಅಮೆರಿಕನ್ ಪತ್ತೇದಾರಿ ಧಾರಾವಾಹಿ ತೋರಿಸಿ ಎಂದಿರಿ. ಅದರಲ್ಲಿ ಸಾಮಾನ್ಯವಾಗಿ ಕೊಲೆಗಾರ ಯಾರೆಂದು ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಅವನು ಸಿಕ್ಕಿಬೀಳುವುದು ಹೇಗೆ ಅನ್ನೋದೇ ಕುತೂಹಲ.

ಭಾನುವಾರ ಹಾಕಿದೆವು. ಚಿಕ್ಕಮಗಳೂರಿನಲ್ಲಿ ಮಳೆ ಬಿಟ್ಟಿರಲಿಲ್ಲ. ಪತ್ತೇದಾರ ಕೊಲಂಬೊನ ಪಾತ್ರ ಮಾಡಿದ ಪೀಟರ್ ಫಾಕ್ ತೊಟ್ಟಿದ್ದ ಆ ಮಾಸಿದ ರೈನ್‌ಕೋಟ್ ನೋಡಿ ಮಾವ, "ಇವನು ನಮ್ಮ ಮಲೆನಾಡಿನವನೇ ಇರಬೇಕು ಕಣಮ್ಮಾ" ಎಂದರು. ಅವನ ಹಳೇ ಪ್ಯೂಜೊ ಕಾರಂತೂ ಅವರಿಗೆ ತುಂಬಾ ಹಿಡಿಸಿತು. (ನಮ್ಮ ಜೀಪು ಅದಕ್ಕಿಂತ ಕಡೆ.) ಸ್ವಲ್ಪ ಹೊತ್ತಿಗೇ ಕೊಲೆ ಆಯಿತು. ಮಾವ ಬಾಯಿ ತೆರೆದರು, ಮುಚ್ಚಿದರು. ಹೇಳೋಕೆ ಏನೂ ಉಳಿದಿರಲಿಲ್ಲ! ಅತ್ತೆ ನಕ್ಕು ನಕ್ಕು ಕಾಫಿ ಲೋಟ ಕೆಳಗಿಟ್ಟರು.

ನನ್ನ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. "ಆ ಗ್ಲೌಸ್‌ನಿಂದಲೇ ಸಿಕ್ಕಿಬೀಳುತ್ತಾನೆ, ನೋಡ್ತಿರು" ಎಂದು ಹೊಸದಾಗಿ ಶುರು ಮಾಡಿದರು. ಸುಮ್ನೆ ಊಹೆ ಎಂದುಕೊಂಡೆ. ಕೊನೆಗೆ ಹತ್ತು ನಿಮಿಷ ಇದೆ ಅನ್ನುವಾಗ ಕರೆಂಟ್ ಹೋಯಿತು. ಬಂದಿದ್ದು ಮರುದಿನ ಬೆಳಗ್ಗೆ. ಉಳಿದದ್ದನ್ನು ನಾನಿನ್ನೂ ನೋಡಿಲ್ಲ. ಮಾವ ನೋಡಿದ್ದಾರೆ, ಒಬ್ಬರೇ. ಎರಡು ದಿನದಿಂದ ನನ್ನ ಮುಖ ನೋಡಿ ನಗುತ್ತಿದ್ದಾರೆ.

ಇನ್ನೂ 68 ಕಂತು ಬಾಕಿ.